‘ಓನ್ಲಿ’ ಪದ ಒಂದೇ, ಮಾಡುವ ಕೆಲಸ ಎರಡು

ಪ್ರಶ್ನೆ: ‘ಓನ್ಲಿ’ ಅಂದರೆ ‘ಮಾತ್ರ’ ಎಂದು ಶಾಲೆಯಲ್ಲಿ ಕಲಿತೆ. ಈಗ ಕೋಶ ತೆರೆದರೆ ಜಸ್ಟ್, ಮಿಯರ್ಲಿ, ಸೋಲ್ಲಿ, ಸಿಂಪ್ಲಿ, ಬೇರ್ಲಿ, ಎಕ್ಸ್‌ಕ್ಲೂಸಿವ್ಲಿ ಅಂತ ಸಾಲುಗಟ್ಟಿ ಕೊಟ್ಟಿದ್ದಾರೆ. ಒಂದೇ ಪದ ಪದೇ ಪದೇ ಬೇಡ ಅಂತ ಕಚೇರಿ ಪತ್ರವೊಂದರಲ್ಲಿ ‘ದಿಸ್ ರಿಪೋರ್ಟ್ ವಾಸ್ ಮಿಯರ್ಲಿ ಪ್ರಿಪೇರ್ಡ್ ಬೈ ಅವರ್ ಟೀಮ್’ ಎಂದು ಬರೆದೆ. ಮೇಲಧಿಕಾರಿ ಅದರ ಕೆಳಗೆ ಕೆಂಪು ಗೆರೆ ಎಳೆದು ಕಳಿಸಿದರು. ತಪ್ಪೇನು? ಇವೆಲ್ಲ ಒಂದೇ ಅರ್ಥದ ಪದಗಳಲ್ಲವಾ? ಇನ್ನೊಂದು, ವಾಕ್ಯದಲ್ಲಿ ‘ಓನ್ಲಿ’ಯನ್ನು ಎಲ್ಲಿ ಇಡಬೇಕು?

ಉತ್ತರ: ನಿಮ್ಮ ವಾಕ್ಯ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಅದೇ ಹಳ್ಳಕ್ಕೆ ಬಿದ್ದು ಎದ್ದವನು. ನೀವು ಹೇಳಹೊರಟಿದ್ದು, ‘ಈ ವರದಿ ಮಾಡಿದ್ದು ನಮ್ಮ ತಂಡವೇ, ಬೇರೆ ಯಾರೂ ಕೈ ಹಾಕಿಲ್ಲ’ ಅಂತ. ಓದಿದವರಿಗೆ ಕೇಳಿಸಿದ್ದು, ‘ನಮ್ಮ ತಂಡ ಇದನ್ನು ಸುಮ್ನೆ ತಯಾರಿಸಿದೆ ಅಷ್ಟೇ, ಅದರಲ್ಲೇನೂ ದೊಡ್ಡದಿಲ್ಲ’ ಅಂತ. ಹೆಮ್ಮೆ ಪಡಬೇಕಾದ ಜಾಗದಲ್ಲಿ ನೀವೇ ನಿಮ್ಮ ಕೆಲಸವನ್ನು ಕೆಳಗಿಳಿಸಿಬಿಟ್ಟಿರಿ.

ಹೀಗಾಗಲು ಕಾರಣ ಇದೆ. ‘ಓನ್ಲಿ’ ಒಂದು ಪದವಾದರೂ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಬಾಗಿಲು ಹಾಕುವ ಕೆಲಸ. ‘ಓನ್ಲಿ ಲತಾ ಕೇಮ್’ ಅಂದರೆ ಲತಾ ಒಳಗೆ, ಉಳಿದವರೆಲ್ಲ ಹೊರಗೆ. ಎರಡನೆಯದು ಅಳತೆ ತಗ್ಗಿಸುವ ಕೆಲಸ. ‘ಹೀ ಈಸ್ ಓನ್ಲಿ ಎ ಚೈಲ್ಡ್’ ಅನ್ನುವಾಗ ಯಾರನ್ನೂ ಹೊರಗೆ ಹಾಕುತ್ತಿಲ್ಲ. ಒಂದು ಏಣಿ ಇದೆ ಅಂದುಕೊಳ್ಳಿ, ಅವನು ಅದರ ಕೆಳಗಿನ ಮೆಟ್ಟಿಲಲ್ಲಿ ಇದ್ದಾನೆ, ಅವನಿಂದ ಜಾಸ್ತಿ ನಿರೀಕ್ಷಿಸಬೇಡಿ ಎಂದು ಹೇಳುತ್ತಿದ್ದೇವೆ. ಕೋಶದಲ್ಲಿ ನೀವು ಕಂಡ ಸಾಲು ಈ ಎರಡೂ ಕೆಲಸದ ಪದಗಳನ್ನು ಒಂದೇ ಬುಟ್ಟಿಗೆ ಸುರಿದಿದೆ. ಬಾಗಿಲು ಹಾಕಬೇಕಾದ ಕಡೆ ನೀವು ಏಣಿಯ ಪದವನ್ನು ಎತ್ತಿಕೊಂಡಿರಿ.

ಸ್ವಾರಸ್ಯ ಏನೆಂದರೆ, ಕನ್ನಡ ಈ ಎರಡು ಕೆಲಸಗಳನ್ನು ಬಹಳ ಕಡೆ ಬೇರೆ ಬೇರೆ ಪದಗಳಿಗೆ ವಹಿಸುತ್ತದೆ. ‘ಲತಾ ಮಾತ್ರ ಬಂದಳು’ ಸರಿ. ‘ಅವನು ಮಗು ಮಾತ್ರ’ ಅಂತ ಯಾರಾದರೂ ಹೇಳುತ್ತಾರಾ? ‘ಅವನಿನ್ನೂ ಮಗು’ ಅನ್ನುತ್ತೇವೆ. ‘ಇಟ್ಸ್ ಓನ್ಲಿ ಟೆನ್’ ಅನ್ನುವುದಕ್ಕೆ ‘ಗಂಟೆ ಹತ್ತು ಮಾತ್ರ’ ಅನ್ನುವುದಿಲ್ಲ, ‘ಇನ್ನೂ ಹತ್ತು ಗಂಟೆ’ ಅನ್ನುತ್ತೇವೆ. ಅಂದರೆ ಏಣಿಯ ‘ಓನ್ಲಿ’ಗೆ ಎಷ್ಟೋ ಸಲ ನಮ್ಮ ‘ಇನ್ನೂ’ ಸರಿಹೊಂದುತ್ತದೆ. ‘ಓನ್ಲಿ ಅಂದರೆ ಮಾತ್ರ’ ಎಂದು ಉರು ಹೊಡೆದವರಿಗೆ ಇದು ಹೊಳೆಯುವುದೇ ಇಲ್ಲ. ಹಾಗಾಗಿ ಇಂಗ್ಲಿಷ್ ಬರೆಯುವ ಮುಂಚೆ ಮನಸ್ಸಿನಲ್ಲಿ ಕನ್ನಡ ವಾಕ್ಯ ಹೇಳಿಕೊಂಡು ನೋಡಿ. ಅಲ್ಲಿ ‘ಮಾತ್ರ’ವೋ ‘ಒಬ್ಬನೇ’ಯೋ ಬಂದರೆ ಬಾಗಿಲು. ‘ಬರೀ’, ‘ಇನ್ನೂ’, ‘ಅಷ್ಟೇ’ ಬಂದರೆ ಹೆಚ್ಚಿನ ಸಲ ಏಣಿ.

ಪದದ ಹುಟ್ಟನ್ನೂ ಸ್ವಲ್ಪ ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಆನ್’ ಅಂದರೆ ಒಂದು. ಅದಕ್ಕೆ ‘ಹಾಗಿರುವ’ ಎಂಬರ್ಥದ ‘ಲಿಕ್’ ಸೇರಿ ‘ಆನ್‌ಲಿಕ್’ ಆಯಿತು, ಅದೇ ಇಂದಿನ ‘ಓನ್ಲಿ’. ಮುಂದೆ ‘ಒಂದು’ ಎಂಬ ಪದದ ಉಚ್ಚಾರ ‘ವನ್’ ಎಂದು ಬದಲಾಯಿತು. ‘ಓನ್ಲಿ’ಯಲ್ಲಿ ಮಾತ್ರ ಹಳೆಯ ‘ಓನ್’ ಹಾಗೇ ಉಳಿಯಿತು. ‘ಅಲೋನ್’ ಕೂಡ ಇದೇ ಮನೆಯದು. ಅದು ಮೂಲದಲ್ಲಿ ‘ಆಲ್’ ಮತ್ತು ‘ವನ್’ ಸೇರಿದ ಪದ, ಅಂದರೆ ಪೂರ್ತಿ ಒಂಟಿ. ನಮ್ಮ ‘ಒಬ್ಬನೇ’, ‘ಒಂದೇ’ ಕೂಡ ಒಂದರಿಂದಲೇ ಬಂದವಲ್ವಾ? ‘ಬೇರೆ ಇಲ್ಲ’ ಅಂತ ಹೇಳಬೇಕಾದಾಗ ಎರಡೂ ಭಾಷೆ ಎಣಿಕೆಯ ಮೊದಲ ಅಂಕಿಗೇ ಹೋಗಿವೆ.

ಈಗ ನಿಮ್ಮ ‘ಮಿಯರ್ಲಿ’ಗೆ ಬರೋಣ. ಅದರ ಕಥೆ ನನಗೆ ತುಂಬಾ ಇಷ್ಟ. ಇದರ ಬೇರು ಲ್ಯಾಟಿನ್‌ನ ‘ಮೆರುಸ್’. ಬೆರಕೆ ಇಲ್ಲದ್ದು, ಶುದ್ಧವಾದದ್ದು ಅಂತ ಅರ್ಥ. ನೀರು ಬೆರೆಸದ ದ್ರಾಕ್ಷಾರಸಕ್ಕೆ ಹೇಳುತ್ತಿದ್ದ ಮಾತು. ಷೇಕ್ಸ್‌ಪಿಯರ್ ಕಾಲದ ಇಂಗ್ಲಿಷಿನಲ್ಲೂ ‘ಮಿಯರ್’ಗೆ ‘ಪೂರ್ತಿ, ಸಂಪೂರ್ಣ’ ಎಂಬ ಅರ್ಥ ಇತ್ತು. ಆಮೇಲೆ ‘ಬೇರೇನೂ ಬೆರೆತಿಲ್ಲ’ ಅನ್ನುವುದು ‘ಬೇರೇನೂ ಇಲ್ಲ’ ಆಯಿತು. ‘ಬೇರೇನೂ ಇಲ್ಲ’ ಅನ್ನುವುದು ‘ಇಷ್ಟೇನಾ?’ ಆಯಿತು. ಶುದ್ಧ ಅಂತ ಹೊಗಳುತ್ತಿದ್ದ ಪದ ಕೊನೆಗೆ ಮೂಗು ಮುರಿಯುವ ಪದವಾಯಿತು.

ನಮ್ಮ ‘ಕೇವಲ’ದ ಕಥೆಯೂ ಥೇಟ್ ಹೀಗೇ. ಸಂಸ್ಕೃತದಲ್ಲಿ ಅದಕ್ಕೆ ಒಂಟಿಯಾದ, ಬೇರಾವುದೂ ಸೇರದ ಎಂಬ ಅರ್ಥ. ಮೋಕ್ಷಕ್ಕೆ ಹೇಳುವ ‘ಕೈವಲ್ಯ’ ಹುಟ್ಟಿದ್ದು ಈ ‘ಕೇವಲ’ದಿಂದಲೇ. ಇವತ್ತು ‘ಅವನನ್ನು ಕೇವಲವಾಗಿ ಕಂಡರು’ ಅಂದರೆ ಏನರ್ಥ? ಕೀಳಾಗಿ ಕಂಡರು ಅಂತ. ಮೋಕ್ಷದ ಎತ್ತರದಲ್ಲಿದ್ದ ಪದ ತಾತ್ಸಾರಕ್ಕೆ ಇಳಿದಿದೆ. ‘ಬರೀ’ ಕೂಡ ಹತ್ತಿರದ್ದೇ. ಬರಿಗೈ, ಬರಿಗಾಲು ಅನ್ನುವಲ್ಲಿ ಅದಕ್ಕೆ ಖಾಲಿ ಎಂಬ ಅರ್ಥ. ಅಲ್ಲಿಂದ ‘ಬರೀ ಮಾತು’ ಅಂದರೆ ಮಾತು ಬಿಟ್ಟು ಇನ್ನೇನೂ ಇಲ್ಲದ್ದು. ‘ಮಾತ್ರ’ದ ಮೂಲ ಅರ್ಥ ಅಳತೆ. ಅಷ್ಟು ಅಳತೆ, ಅದರಾಚೆ ಇಲ್ಲ. ಅದು ಅಷ್ಟಾಗಿ ಕೀಳಾಗದೆ ಉಳಿದುಕೊಂಡಿದೆ. ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದು ಕೊನೆಗೆ ‘ಮಾತ್ರ’ ಅಥವಾ ‘ಓನ್ಲಿ’ ಅಂತ ಹಾಕುತ್ತೇವಲ್ಲ, ಅಲ್ಲಿ ಆ ಹಣ ಕಡಿಮೆ ಅಂತ ಯಾರೂ ಹೇಳುತ್ತಿಲ್ಲ. ಮುಂದೆ ಯಾರೂ ಏನೂ ಸೇರಿಸದ ಹಾಗೆ ಬಾಗಿಲು ಹಾಕುತ್ತಿದ್ದೇವೆ.

‘ಮಿಯರ್ಲಿ’ ಹಾಕುವ ಮುಂಚೆ ಅಲ್ಲಿ ‘ಕೇವಲ’ ಹಾಕಿದರೆ ಎದುರಿನವರಿಗೆ ಚುಚ್ಚುತ್ತದೆಯೇ ಅಂತ ಕೇಳಿಕೊಳ್ಳಿ. ‘ಶೀ ಈಸ್ ಮಿಯರ್ಲಿ ಎ ನರ್ಸ್’ ಅಂದರೆ ಅವಮಾನ. ‘ಐ ವಾಸ್ ಮಿಯರ್ಲಿ ಆಸ್ಕಿಂಗ್’ ಅಂದರೆ ‘ಸುಮ್ನೆ ಕೇಳಿದೆ ಅಷ್ಟೇ, ತಪ್ಪು ತಿಳ್ಕೋಬೇಡಿ’ ಅಂತ, ಅದು ವಿನಯ. ನಮ್ಮ ವಿಷಯದಲ್ಲಿ ನಾವೇ ತಗ್ಗಿದರೆ ವಿನಯ, ಬೇರೆಯವರನ್ನು ತಗ್ಗಿಸಿದರೆ ಅಹಂಕಾರ. ಹೇಗೂ ಇದು ಏಣಿಯ ಪದವೇ, ಬಾಗಿಲು ಹಾಕಲು ಬರುವುದಿಲ್ಲ.

ಬಾಗಿಲು ಹಾಕುವ ಪದಗಳು ಬೇಕೆಂದರೆ ‘ಸೋಲ್ಲಿ’ ಇದೆ, ‘ಎಕ್ಸ್‌ಕ್ಲೂಸಿವ್ಲಿ’ ಇದೆ, ‘ಅಲೋನ್’ ಇದೆ. ‘ಸೋಲ್ಲಿ’ ಹೊಣೆ ಮತ್ತು ಕಾರಣಗಳ ಜೊತೆ ಚೆನ್ನಾಗಿ ಕೂರುತ್ತದೆ. ‘ಹೀ ಈಸ್ ಸೋಲ್ಲಿ ರೆಸ್ಪಾನ್ಸಿಬಲ್’, ಇಡೀ ಹೊಣೆ ಅವನೊಬ್ಬನದೇ. ‘ಎಕ್ಸ್‌ಕ್ಲೂಸಿವ್ಲಿ’ ಅಂದರೆ ಬೇಕಂತಲೇ ಉಳಿದವರನ್ನು ಹೊರಗಿಟ್ಟದ್ದು, ಹಕ್ಕು, ಸೌಲಭ್ಯಗಳ ಮಾತಿಗೆ ಅದು ಸರಿ. ಎರಡೂ ಕಾಗದದ ಪದಗಳು. ಮನೆಮಾತಿನಲ್ಲಿ ‘ಐ ಈಟ್ ಸೋಲ್ಲಿ ರೈಸ್’ ಅಂದರೆ ನೋಟೀಸು ಓದಿದ ಹಾಗೆ ಕೇಳಿಸುತ್ತದೆ. ‘ಅಲೋನ್’ ಹೆಸರಿನ ನಂತರ ಬರುತ್ತದೆ, ಮುಂಚೆ ಅಲ್ಲ. ‘ಮನಿ ಅಲೋನ್ ವೋಂಟ್ ಹೆಲ್ಪ್’ ಅಂದರೆ ‘ದುಡ್ಡೊಂದರಿಂದಲೇ ಆಗೋದಿಲ್ಲ’. ‘ಓನ್ಲಿ ಮನಿ ವೋಂಟ್ ಹೆಲ್ಪ್’ ಎಂದು ಬರೆದರೆ ‘ಸಹಾಯಕ್ಕೆ ಬಾರದ್ದು ದುಡ್ಡು ಮಾತ್ರ, ಉಳಿದದ್ದೆಲ್ಲ ಬರುತ್ತದೆ’ ಎಂಬ ವಿಚಿತ್ರ ಅರ್ಥ ಇಣುಕುತ್ತದೆ. ಈ ತಪ್ಪನ್ನು ನಾನು ತಿದ್ದುವ ಕಾಗದಗಳಲ್ಲಿ ಪದೇ ಪದೇ ನೋಡುತ್ತೇನೆ. ‘ಪ್ಯೂರ್ಲಿ’ ಕಾರಣ ಹೇಳುವಲ್ಲಿ ಸರಿ, ‘ಪ್ಯೂರ್ಲಿ ಬೈ ಚಾನ್ಸ್’ ಅನ್ನುವ ಹಾಗೆ.

‘ಬೇರ್ಲಿ’ಯನ್ನು ಈ ಪಟ್ಟಿಯಿಂದ ಎತ್ತಿ ಆಚೆ ಇಡಿ. ಅದು ‘ಓನ್ಲಿ’ಯ ನೆರೆಯವನೇ ಹೊರತು ಸಂಬಂಧಿ ಅಲ್ಲ. ‘ಓನ್ಲಿ ಟ್ವೆಂಟಿ ಪೀಪಲ್ ಕೇಮ್’ ಅಂದರೆ ಇಪ್ಪತ್ತೇ ಜನ ಬಂದರು. ‘ಬೇರ್ಲಿ ಟ್ವೆಂಟಿ’ ಅಂದರೆ ಇಪ್ಪತ್ತು ಮುಟ್ಟಿತೋ ಇಲ್ಲವೋ ಅನ್ನುವಷ್ಟು. ಇನ್ನೂ ಸ್ಪಷ್ಟವಾಗಬೇಕಾದರೆ ಈ ಜೋಡಿ ನೋಡಿ. ‘ಐ ಬೇರ್ಲಿ ನೋ ಹಿಮ್’, ಅವನ ಪರಿಚಯ ನನಗೆ ಅಷ್ಟಕ್ಕಷ್ಟೇ. ‘ಐ ಓನ್ಲಿ ನೋ ಹಿಮ್’, ನನಗೆ ಗೊತ್ತಿರುವುದು ಅವನೊಬ್ಬನೇ. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಸಾಕ್ಷಿ ಹೇಳುವವನ ಗತಿ ಏನು, ಯೋಚಿಸಿ. ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’ ಕೂಡ ‘ಬೇರ್ಲಿ’ಯ ಗುಂಪು. ಅವುಗಳಲ್ಲಿ ಆಗಲೇ ಅರ್ಧ ‘ಇಲ್ಲ’ ಇರುವುದರಿಂದ ಜೊತೆಗೆ ‘ನಾಟ್’ ಹಾಕಬಾರದು.

‘ಜಸ್ಟ್’ ಬೇರೆಯೇ ಒಂದು ಲೋಕ. ಮೂಲ ಲ್ಯಾಟಿನ್‌ನ ‘ಯೂಸ್ತುಸ್’, ಅಂದರೆ ನ್ಯಾಯವಾದದ್ದು. ‘ಜಸ್ಟಿಸ್’ ಅದರ ಒಡಹುಟ್ಟು. ನ್ಯಾಯವಾದದ್ದು ಅಂದರೆ ಸರಿಯಾದದ್ದು, ಸರಿಯಾದದ್ದು ಅಂದರೆ ಕರಾರುವಾಕ್ಕಾದದ್ದು, ಕರಾರುವಾಕ್ಕಾಗಿ ಅಷ್ಟೇ ಇದ್ದರೆ ‘ಅದಕ್ಕಿಂತ ಜಾಸ್ತಿ ಇಲ್ಲ’. ಹೀಗೆ ನ್ಯಾಯಸ್ಥಾನದ ಪದ ‘ಬರೀ’ ಆಗಿಬಿಟ್ಟಿತು. ಅದರ ಹಳೆಯ ಅರ್ಥಗಳೂ ಬಿಟ್ಟು ಹೋಗಿಲ್ಲ. ‘ಜಸ್ಟ್ ರೈಟ್’ ಅಂದರೆ ಹದವಾಗಿ ಸರಿ. ‘ಐ ಜಸ್ಟ್ ಕೇಮ್’ ಅಂದರೆ ಈಗಷ್ಟೇ ಬಂದೆ. ‘ಜಸ್ಟ್ ಮಿಸ್ಡ್ ಇಟ್’ ಅಂದರೆ ಸ್ವಲ್ಪದರಲ್ಲಿ ತಪ್ಪಿತು. ‘ಜಸ್ಟ್ ಎ ಮಿನಿಟ್’ ಅಂದರೆ ಒಂದು ನಿಮಿಷ ಇರಿ, ಇಲ್ಲಿ ‘ಜಸ್ಟ್’ ಬರೀ ಮಾತನ್ನು ಮೆದು ಮಾಡುತ್ತಿದೆ, ಅರವತ್ತು ಸೆಕೆಂಡು ಅಂತ ಯಾರೂ ಗಡಿಯಾರ ನೋಡುವುದಿಲ್ಲ. ‘ಜಸ್ಟ್’ ಇರುವ ಕಡೆಯೆಲ್ಲ ‘ಓನ್ಲಿ’ ಹಾಕಲು ಆಗದೇ ಇರುವುದು ಇದಕ್ಕೇ.

‘ನಾಟ್’ ಜೊತೆ ‘ಜಸ್ಟ್’ ಬಂದಾಗ ಜಾಗ ನೋಡಿಕೊಳ್ಳಿ. ‘ಐ ಜಸ್ಟ್ ಡೋಂಟ್ ಲೈಕ್ ಇಟ್’, ನನಗೆ ಅದು ಹಿಡಿಸೋದೇ ಇಲ್ಲ. ‘ಐ ಡೋಂಟ್ ಜಸ್ಟ್ ಲೈಕ್ ಇಟ್’, ಬರೀ ಇಷ್ಟ ಅಲ್ಲ, ಅದಕ್ಕಿಂತ ಜಾಸ್ತಿ. ಪದಗಳು ಅವೇ, ಅರ್ಥ ಮಾತ್ರ ಪೂರ್ತಿ ತಿರುಗಾಮುರುಗಾ.

‘ಸಿಂಪ್ಲಿ’ಯಲ್ಲಿ ಕನ್ನಡಿಗರ ತಪ್ಪು ಒಂದೇ. ‘ಸುಮ್ನೆ ಬಂದೆ’ ಅನ್ನುವುದನ್ನು ‘ಐ ಕೇಮ್ ಸಿಂಪ್ಲಿ’ ಅನ್ನುತ್ತೇವೆ. ಕೇಳುವವರಿಗೆ ಅದು ‘ಸರಳವಾಗಿ ಬಂದೆ’, ಆಡಂಬರ ಇಲ್ಲದೆ ಬಂದೆ ಎಂದಾಗುತ್ತದೆ. ‘ಐ ಕೇಮ್ ಫಾರ್ ನೋ ಪರ್ಟಿಕ್ಯುಲರ್ ರೀಸನ್’ ಅಂದರೆ ‘ಸುಮ್ನೆ ಬಂದೆ’ ಅಂತ ಆಗುತ್ತದೆ.

ಇನ್ನು ಎಲ್ಲಿ ಇಡಬೇಕು ಅನ್ನುವ ಪ್ರಶ್ನೆ. ಒಂದು ವಾಕ್ಯ ತೆಗೆದುಕೊಳ್ಳೋಣ: ‘ಲತಾ ಸೆಂಟ್ ರವಿ ಎ ಲೆಟರ್ ಯೆಸ್ಟರ್‌ಡೇ’. ‘ಓನ್ಲಿ’ಯನ್ನು ಮೊದಲಿಗೆ ಇಟ್ಟರೆ ಕಳಿಸಿದವಳು ಲತಾ ಒಬ್ಬಳೇ. ‘ರವಿ’ಯ ಮುಂಚೆ ಇಟ್ಟರೆ ರವಿಗೆ ಮಾತ್ರ ಕಳಿಸಿದಳು. ‘ಎ ಲೆಟರ್’ ಮುಂಚೆ ಇಟ್ಟರೆ ಬರೀ ಕಾಗದ, ಜೊತೆಗೆ ಇನ್ನೇನೂ ಇಲ್ಲ. ‘ಯೆಸ್ಟರ್‌ಡೇ’ ಮುಂಚೆ ಇಟ್ಟರೆ ತಮಾಷೆ ನೋಡಿ, ‘ನಿನ್ನೆ ಮಾತ್ರ’ಕ್ಕಿಂತ ಹೆಚ್ಚಾಗಿ ‘ನಿನ್ನೆ ತಾನೇ, ನಿನ್ನೆಯಷ್ಟೇ’ ಎಂಬ ಅರ್ಥ ಬರುತ್ತದೆ. ಕಾಲದ ಪದದ ಜೊತೆ ಬಂದ ‘ಓನ್ಲಿ’ ಹೀಗೆ ‘ತೀರಾ ಇತ್ತೀಚೆಗೆ’ ಅಂತ ಹೇಳುವುದುಂಟು. ‘ಸೆಂಟ್’ ಮುಂಚೆ ಇಟ್ಟರೆ? ಮೇಲಿನದರಲ್ಲಿ ಯಾವುದು ಬೇಕಾದರೂ ಆಗಬಹುದು, ಲತಾ ಒಬ್ಬಳೇ ಅನ್ನುವುದು ಬಿಟ್ಟು. ಮಾತಿನಲ್ಲಿ ಯಾವ ಪದವನ್ನು ಒತ್ತಿ ಹೇಳುತ್ತೀರೋ ಅದಕ್ಕೆ ಅಂಟಿಕೊಳ್ಳುತ್ತದೆ.

ಇಲ್ಲಿ ನಮಗೆ ತೊಡಕಾಗುವುದು ದಿಕ್ಕು. ಇಂಗ್ಲಿಷಿನ ‘ಓನ್ಲಿ’ ಸಾಮಾನ್ಯವಾಗಿ ತನ್ನ ಬಲಕ್ಕೆ ನೋಡುತ್ತದೆ, ಮುಂದೆ ಬರುವ ಪದವನ್ನು ಹಿಡಿಯುತ್ತದೆ. ಕನ್ನಡದ ‘ಮಾತ್ರ’, ‘ಅಷ್ಟೇ’, ಕೊನೆಗೆ ಅಂಟುವ ಆ ಪುಟ್ಟ ‘ಏ’, ಎಲ್ಲವೂ ಎಡಕ್ಕೆ ನೋಡುತ್ತವೆ. ‘ಇಲ್ಲೇ ಇದ್ದೆ’ ಅನ್ನುವುದು ‘ಐ ವಾಸ್ ಹಿಯರ್ ಓನ್ಲಿ’ ಆಗುವುದು ಹೀಗೆ. ಅಲ್ಲಿ ಇನ್ನೊಂದು ಎಡವಟ್ಟೂ ಇದೆ. ‘ಇಲ್ಲೇ’ಯಲ್ಲಿರುವ ‘ಏ’ ಒತ್ತು ಕೊಡುತ್ತಿದೆ, ಬಾಗಿಲು ಹಾಕುತ್ತಿಲ್ಲ. ‘ಇಲ್ಲಿ ಬಿಟ್ಟು ಇನ್ನೆಲ್ಲೂ ಇರಲಿಲ್ಲ’ ಅಂತ ನೀವು ಹೇಳುತ್ತಿಲ್ಲ, ‘ನೋಡಿ, ಇಲ್ಲೇ ಇದ್ನಲ್ಲ’ ಅನ್ನುತ್ತಿದ್ದೀರಿ. ಅದಕ್ಕೆ ‘ರೈಟ್ ಹಿಯರ್’ ಸರಿ. ‘ಅವರೇ ಹೇಳಿದ್ದು’ ಅನ್ನುವುದಕ್ಕೆ ‘ದೇ ಓನ್ಲಿ ಟೋಲ್ಡ್’ ಬೇಡ, ‘ದೇ ದೆಮ್‌ಸೆಲ್ವ್ಸ್ ಟೋಲ್ಡ್ ಮಿ’ ಬೇಕು. ಈ ‘ಓನ್ಲಿ’ ಭಾರತದ ಇಂಗ್ಲಿಷಿನಲ್ಲಿ ಎಷ್ಟು ಬೇರೂರಿದೆ ಅಂದರೆ ಭಾಷಾವಿಜ್ಞಾನಿಗಳು ಅದನ್ನೊಂದು ಲಕ್ಷಣ ಎಂದೇ ಅಧ್ಯಯನ ಮಾಡುತ್ತಾರೆ. ನಮ್ಮ ನಮ್ಮಲ್ಲಿ ಆಡಿಕೊಳ್ಳುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಪರೀಕ್ಷೆಯಲ್ಲಿ, ಹೊರಗಿನವರಿಗೆ ಬರೆಯುವ ಪತ್ರದಲ್ಲಿ ಬೇಡ, ಅಷ್ಟೇ. ಫಲಕಗಳ ಮಾತು ಬೇರೆ. ‘ಮೆಂಬರ್ಸ್ ಓನ್ಲಿ’, ‘ಸಂಡೇಸ್ ಓನ್ಲಿ’ ಅನ್ನುವಲ್ಲಿ ‘ಓನ್ಲಿ’ ಕೊನೆಗೆ ಬರುವುದೇ ಕ್ರಮ.

ಕ್ರಿಯಾಪದದ ಮುಂಚೆ ‘ಓನ್ಲಿ’ ಇಡುವುದು ತಪ್ಪಾ ಅನ್ನುವ ಜಗಳ ಹಳೆಯದು. ರಾಬರ್ಟ್ ಲೌತ್ ಎಂಬ ಪಾದ್ರಿ 1762ರಲ್ಲಿ ಮೊದಲು ಅಚ್ಚಾದ ತನ್ನ ವ್ಯಾಕರಣದಲ್ಲಿ, ಈ ಪದ ತಾನು ಹಿಡಿಯುವ ಪದದ ಪಕ್ಕದಲ್ಲೇ ಇರಲಿ ಅಂದ. ಎಷ್ಟೋ ಮೇಷ್ಟ್ರುಗಳು ಅದನ್ನೇ ಕಟ್ಟಳೆ ಮಾಡಿಕೊಂಡರು. 1926ರಲ್ಲಿ ಫೌಲರ್ ತನ್ನ ಪದಬಳಕೆಯ ಕೋಶದಲ್ಲಿ ಇದಕ್ಕೆ ತಣ್ಣೀರು ಎರಚಿದ. ‘ಹೀ ಓನ್ಲಿ ಡೈಡ್ ಎ ವೀಕ್ ಅಗೋ’ ಅಂದರೆ ಯಾರಿಗೂ ತಪ್ಪು ತಿಳಿಯುವುದಿಲ್ಲ, ಜನ ಆಡುವುದೇ ಹಾಗೆ, ಸಹಜವಾದದ್ದನ್ನು ಬಿಡುವುದೇಕೆ ಅನ್ನುವುದು ಅವನ ವಾದ. ನನ್ನ ಮಟ್ಟಿಗೆ ಮಾತಿನಲ್ಲಿ ಫೌಲರ್, ಕಾಗದದಲ್ಲಿ ಲೌತ್. ಯಾಕಂದರೆ ಕಾಗದಕ್ಕೆ ದನಿ ಇಲ್ಲ. ‘ಮೆಂಬರ್ಸ್ ಮೇ ಓನ್ಲಿ ಯೂಸ್ ದಿ ಹಾಲ್ ಆನ್ ಸಂಡೇಸ್’ ಅಂತ ನಿಯಮ ಬರೆದರೆ, ಸಭಾಂಗಣವನ್ನು ಭಾನುವಾರ ಬಿಟ್ಟು ಬೇರೆ ದಿನ ಬಳಸಬಾರದೋ, ಭಾನುವಾರ ಸಭಾಂಗಣ ಬಿಟ್ಟು ಬೇರೆ ಜಾಗ ಬಳಸಬಾರದೋ? ‘ಓನ್ಲಿ ಆನ್ ಸಂಡೇಸ್’ ಅಂತ ಪಕ್ಕಕ್ಕೆ ಸರಿಸಿದರೆ ತಕರಾರೇ ಇಲ್ಲ.

‘ನಾಟ್ ಓನ್ಲಿ’ ಬಗ್ಗೆ ಒಂದು ಸೂಕ್ಷ್ಮ ಇದೆ. ‘ಲತಾ ಮಾತ್ರ ಬಂದಳು’ ಅಂದರೆ ಒಳಗೆ ಎರಡು ಮಾತಿವೆ. ಲತಾ ಬಂದಳು, ಬೇರೆ ಯಾರೂ ಬರಲಿಲ್ಲ. ಈಗ ಅಲ್ಲಗಳೆಯಿರಿ: ‘ಲತಾ ಮಾತ್ರ ಬಂದದ್ದಲ್ಲ’. ಬಿದ್ದದ್ದು ಎರಡನೆಯ ಮಾತಷ್ಟೇ, ಲತಾ ಬಂದದ್ದು ಬಂದದ್ದೇ. ಅಮೆರಿಕದ ಭಾಷಾವಿಜ್ಞಾನಿ ಲಾರೆನ್ಸ್ ಹಾರ್ನ್ 1969ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಮೊದಲ ಮಾತು ಮೊದಲೇ ಒಪ್ಪಿಕೊಂಡದ್ದು, ಎರಡನೆಯದು ಹೊಸದಾಗಿ ಹೇಳುತ್ತಿರುವುದು ಅಂತ. ‘ನಾಟ್ ಓನ್ಲಿ’ ಬರೆದ ಕೂಡಲೇ ಓದುಗ ‘ಮತ್ತೆ ಇನ್ಯಾರು?’ ಅಂತ ಕಾಯುವುದು ಇದಕ್ಕೇ. ಆ ಇನ್ನೊಂದನ್ನು ಹೇಳದೆ ವಾಕ್ಯ ಮುಗಿಸಬೇಡಿ. ಮತ್ತೆ, ‘ಓನ್ಲಿ ದೆನ್’, ‘ನಾಟ್ ಓನ್ಲಿ’ಯಂಥವು ವಾಕ್ಯದ ತಲೆಗೆ ಬಂದಾಗ ಕ್ರಿಯಾಪದ ಪ್ರಶ್ನೆಯ ಹಾಗೆ ತಿರುಗುತ್ತದೆ: ‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್’. ಪರೀಕ್ಷೆಯವರಿಗೆ ಇದು ಬಲು ಪ್ರೀತಿಯ ಪ್ರಶ್ನೆ.

‘ಓನ್ಲಿ ಇಫ್’, ‘ಇಫ್ ಓನ್ಲಿ’ ಎರಡೂ ಒಂದೇ ಅಂತ ತಿಳಿಯಬೇಡಿ. ‘ಯು ವಿಲ್ ಪಾಸ್ ಓನ್ಲಿ ಇಫ್ ಯು ರೈಟ್ ದಿ ಎಗ್ಸಾಮ್’, ಬರೆದರೆ ಮಾತ್ರ ಪಾಸು. ಬರೆದವರೆಲ್ಲ ಪಾಸು ಅಂತ ಯಾರೂ ಮಾತು ಕೊಟ್ಟಿಲ್ಲ. ‘ಇಫ್ ಓನ್ಲಿ ಐ ಹ್ಯಾಡ್ ಆಸ್ಕ್ಡ್’, ಅಯ್ಯೋ, ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. ಒಂದು ಷರತ್ತು, ಇನ್ನೊಂದು ನಿಟ್ಟುಸಿರು. ‘ಓನ್ಲಿ ಟೂ ಹ್ಯಾಪಿ’ ಅಂದರೆ ತುಂಬಾ ಸಂತೋಷ, ಕಡಿಮೆ ಸಂತೋಷ ಅಲ್ಲ. ‘ಹೀ ರ್‍ಯಾನ್ ಟು ದಿ ಸ್ಟೇಷನ್, ಓನ್ಲಿ ಟು ಫೈಂಡ್ ದಿ ಟ್ರೇನ್ ಗಾನ್’ ಅನ್ನುವಲ್ಲಿ ‘ಮಾತ್ರ’ ತುರುಕಲು ಹೋಗಬೇಡಿ. ‘ಓಡೋಡಿ ಹೋದ, ನೋಡಿದರೆ ರೈಲು ಹೊರಟೇಹೋಗಿತ್ತು’. ಆ ‘ಓನ್ಲಿ’ ನಮ್ಮಲ್ಲಿ ‘ನೋಡಿದರೆ’ ಆಗುತ್ತದೆ.

ನಾನು ಹಳ್ಳಕ್ಕೆ ಬಿದ್ದ ಕಥೆ ಹೇಳುತ್ತೇನೆ ಅಂದಿರಲಿಲ್ಲ, ಆದರೂ ಹೇಳುತ್ತೇನೆ. ಅನುವಾದದ ಕೆಲಸ ಶುರು ಮಾಡಿದ ಹೊಸದರಲ್ಲಿ ‘ನೀವೇನಾದರೂ ಮಾಡಿಕೊಳ್ಳಿ, ನಾನು ಮಾತ್ರ ಒಪ್ಪೋದಿಲ್ಲ’ ಎಂಬ ಮಾತನ್ನು ‘ಓನ್ಲಿ ಐ ವಿಲ್ ನಾಟ್ ಅಗ್ರೀ’ ಎಂದು ಬರೆದಿದ್ದೆ. ಉಳಿದವರೆಲ್ಲ ಒಪ್ಪಿದ್ದಾರೆ ಅಂತ ಅರ್ಥ ಬಂದುಬಿಟ್ಟಿತು. ಮೂಲದಲ್ಲಿ ಉಳಿದವರ ಸುದ್ದಿಯೇ ಇರಲಿಲ್ಲ. ಈ ‘ಮಾತ್ರ’ ಬಾಗಿಲೂ ಅಲ್ಲ, ಏಣಿಯೂ ಅಲ್ಲ. ‘ನನ್ನ ಮಟ್ಟಿಗೆ ಹೇಳೋದಾದರೆ’ ಅಂತ ಹಟ ಹಿಡಿದು ನಿಲ್ಲುವ ‘ಮಾತ್ರ’. ಅದಕ್ಕೆ ‘ಐ, ಫಾರ್ ವನ್, ವೋಂಟ್ ಅಗ್ರೀ’ ಬರೆಯಬೇಕಿತ್ತು. ತಿದ್ದಿದವರು ಪಕ್ಕದಲ್ಲಿ ಒಂದು ದೊಡ್ಡ ಪ್ರಶ್ನಾರ್ಥಕ ಹಾಕಿ ಕಳಿಸಿದ್ದರು. ನಿಮ್ಮ ಕೆಂಪು ಗೆರೆಗಿಂತ ಅದೇನೂ ಕಡಿಮೆ ಇರಲಿಲ್ಲ.

ನಿಮ್ಮ ವಾಕ್ಯವನ್ನು ‘ದಿಸ್ ರಿಪೋರ್ಟ್ ವಾಸ್ ಪ್ರಿಪೇರ್ಡ್ ಸೋಲ್ಲಿ ಬೈ ಅವರ್ ಟೀಮ್’ ಎಂದು ತಿದ್ದಿ ಕಳಿಸಿ. ಸ್ವಲ್ಪ ಗಡುಸಾಯಿತು ಅನ್ನಿಸಿದರೆ ‘ಅವರ್ ಟೀಮ್ ಅಲೋನ್ ಪ್ರಿಪೇರ್ಡ್ ದಿಸ್ ರಿಪೋರ್ಟ್’ ಅನ್ನಿ. ‘ಓನ್ಲಿ ಬೈ ಅವರ್ ಟೀಮ್’ ಅಂದರೂ ನಡೆಯುತ್ತದೆ. ಒಂದೇ ಪದ ಎರಡು ಸಲ ಬಂತು ಅಂತ ನಿಮ್ಮ ಮೇಲಧಿಕಾರಿ ಖಂಡಿತ ಗೆರೆ ಎಳೆಯುವುದಿಲ್ಲ.